ನಿಮಗಿದು ಗೊತ್ತೆ? ನಮ್ಮ ಹೆದ್ದಾರಿಯ ಪಕ್ಕದಲ್ಲೇ ರೇಸ್ ಟ್ರ್ಯಾಕ್!

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಹಿರಿಯೂರು, ತುಮಕೂರು, ಬೆಂಗಳೂರು ದಾಟಿ ಅದೇ ರಸ್ತೆ ಚೆನ್ನೈ ತಲುಪುತ್ತದೆ. ಚೆನ್ನೈಗೆ ಸ್ವಲ್ಪ ಮೊದಲು, ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ರೇಸ್ ಟ್ರ್ಯಾಕ್ ಇರುವುದು ಅಲ್ಲೇ.

ಇದಕ್ಕೂ ಮುಂಚೆ ದಶಕಗಳ ಕಾಲ ರೇಸ್ ನಡೆಯುತ್ತಿದ್ದದ್ದು ಚೆನ್ನೈ ಬಳಿಯ ಶೋಲಾವರಂನಲ್ಲಿ. ಅದು ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿ. ವಿಮಾನಕ್ಕೆ ಬೇಕಾದದ್ದು ನೇರ ದಾರಿ. ಆದರೆ ಚಾಲಕನ ಕೈಚಳಕ ಗೊತ್ತಾಗುವುದು ತಿರುವಿನಲ್ಲಿ. ರೇಸಿಗೆಂದೇ ಕಟ್ಟಿದ ಇರುಂಗಾಟ್ಟುಕೋಟ್ಟೈನ ಹೊಸ ಟ್ರ್ಯಾಕ್ 1990ರಲ್ಲಿ ಶುರುವಾಯಿತು. ಉದ್ದ ಸುಮಾರು 3.7 ಕಿ.ಮೀ., ತಿರುವು 12.

ತಿರುವಿನಲ್ಲಿ ನಿಂತು ನೋಡಬೇಕು! ಕಾರು ರಸ್ತೆಯ ಹೊರ ಅಂಚಿನಿಂದ ಬಂದು, ಬ್ರೇಕ್ ಒತ್ತಿ, ಒಳಗಿನ ಬಣ್ಣದ ಅಂಚುಗಲ್ಲನ್ನು ಸವರಿ, ಮತ್ತೆ ಹೊರ ಅಂಚಿಗೆ ಜಾರುತ್ತದೆ. ಹೀಗೆ ಬಂದರೆ ತಿರುವಿನ ಬಾಗು ಕಡಿಮೆಯಾಗಿ ವೇಗ ಉಳಿಯುತ್ತದೆ. ಎಲ್ಲರೂ ಹಿಡಿಯುವುದು ಅದೇ ಜಾಡಾದ್ದರಿಂದ ಟೈರಿನ ರಬ್ಬರ್ ಅಂಟಿ ಡಾಂಬರಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಹಿಡಿತ ತಪ್ಪಿದ ವಾಹನದ ವೇಗ ತಗ್ಗಿಸಲು ರೇಸ್ ಟ್ರ್ಯಾಕ್‌ಗಳಲ್ಲಿ ತಿರುವಿನಾಚೆ ಖಾಲಿ ಜಾಗವನ್ನೋ ಜಲ್ಲಿ ಹಾಸನ್ನೋ ಬಿಟ್ಟಿರುತ್ತಾರೆ. ಊರ ರಸ್ತೆಗಳಲ್ಲಿ ಬೈಕ್ ಪಂದ್ಯ ಕಟ್ಟುವ ಹುಡುಗರಿಗೆ ಈ ರಕ್ಷಣೆ ಎಲ್ಲಿದೆ?

ಬೆಂಗಳೂರಿನ ಐಶ್ವರ್ಯ ಪಿಸ್ಸೆ ಇಂಥ ಟ್ರ್ಯಾಕ್ ರೇಸಿಂಗ್‌ನಲ್ಲೂ ಪಳಗಿದವರು. 2019ರಲ್ಲಿ, ಟ್ರ್ಯಾಕ್ ಬಿಟ್ಟು ಕಚ್ಚಾ ಹಾದಿಯಲ್ಲಿ ನಡೆಯುವ ಎಫ್‌ಐಎಂ ಬಾಜಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಕನ್ನಡ ನಾಡಿನ ಹೆಮ್ಮೆಯ ಬೈಕ್ ಸವಾರೆ ಅವರೇ.