ಬೈಕಿಗೆ ಸೌಂಡ್ ಸಿಸ್ಟಮ್: ವಾಟ್ ಎಣಿಸುವ ಮುಂಚೆ ಬ್ಯಾಟರಿ ನೋಡಿ

ಮಾದಪ್ಪನ ಬೆಟ್ಟಕ್ಕೆ ಹೊರಟ ಗಾಡಿಯಲ್ಲಿ ಮಾದಪ್ಪನ ಪದ ಕೇಳುತ್ತಿದ್ದರೆ ದಾರಿ ಸವೆದದ್ದೇ ತಿಳಿಯುವುದಿಲ್ಲ. ಆದರೆ ಅಗ್ಗದ ಸ್ಪೀಕರ್ ಹಾಕಿಸಿದವರ ಪಾಡೇ ಬೇರೆ. ತೆರಕಣಾಂಬಿ ದಾಟಿ ಗಾಡಿ ವೇಗ ಹಿಡಿದರೆ ಸಾಕು, ಹಾಡು ಹೋಗಿ ಬರೀ ಗೊರಗೊರ ಉಳಿಯುತ್ತದೆ. ಹಾಗಾದರೆ ದೊಡ್ಡ ಆಂಪ್ಲಿಫೈಯರ್ ಬೇಕೇ? ಬೇಡ. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಕೆಲಸವಾಗುತ್ತದೆ. ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೆ.

ಏನೇನು ಬೇಕು?

ಮುಖ್ಯವಾಗಿ ಮೂರೇ ಸಾಮಾನು. ಒಂದು, ಬ್ಲೂಟೂತ್ ಕಿಟ್. ಮೊಬೈಲಿನ ಹಾಡನ್ನು ತಂತಿಯಿಲ್ಲದೆ ಎಳೆದುಕೊಳ್ಳುವ ಪುಟ್ಟ ಬೋರ್ಡು ಇದು. ಎಫ್‌ಎಂ ಇರುವುದನ್ನೇ ಕೇಳಿ ಪಡೆಯಿರಿ. ಮೈಸೂರು ಆಕಾಶವಾಣಿ 100.6ರಲ್ಲಿ ಸಿಗುತ್ತದೆ. ಎರಡು, ಆಂಪ್ಲಿಫೈಯರ್ ಬೋರ್ಡು. ಸಣ್ಣ ಸದ್ದನ್ನು ಸ್ಪೀಕರ್ ತಳ್ಳುವಷ್ಟು ಬಲಪಡಿಸುವುದು ಇದರ ಕೆಲಸ. 'ಕ್ಲಾಸ್ ಡಿ' ಬಗೆಯದೇ ಇರಲಿ. ಅದು ಕರೆಂಟನ್ನು ಬಿಸಿಯಾಗಿ ಪೋಲು ಮಾಡುವುದು ಕಡಿಮೆ. ಮೂರು, ಒಂದು ಜೊತೆ ಮೂರಿಂಚಿನ ಸ್ಪೀಕರ್. ಕಾಗದದ ಕೋನ್ ಮಳೆಗೆ ನೆನೆದು ಹರಿಯುತ್ತದೆ. ಪ್ಲಾಸ್ಟಿಕ್ ಕೋನ್ ಇರುವುದನ್ನು ಆರಿಸಿ.

ಡಬ್ಬಿಯ ಮೇಲೆ 500 ವಾಟ್ ಅಂತಿದೆಯಲ್ಲ?

ನಂಬಬೇಡಿ. ಬೈಕಿನಲ್ಲಿರುವುದು 12 ವೋಲ್ಟ್. ಅಷ್ಟರಲ್ಲಿ ಇಂಥ ಬೋರ್ಡು 4 ಓಮ್ ಸ್ಪೀಕರಿಗೆ ಕೊಡಬಲ್ಲದ್ದು ಹೆಚ್ಚೆಂದರೆ 18 ವಾಟ್. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಡಬ್ಬಿಯಲ್ಲಿ 'ಪಿಎಂಪಿಒ' ಅಂತ ಇದ್ದರೆ ಅದು ಮಾರಾಟದ ಲೆಕ್ಕ. 'ಆರ್‌ಎಂಎಸ್' ಎಂದಿರುವ ಅಂಕಿಯನ್ನು ಮಾತ್ರ ನೋಡಿ.

ಇನ್ನೊಂದು ಗುಟ್ಟು ಇದೆ. ವಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ತುಸು ಹೆಚ್ಚಾದಂತೆ ಕೇಳುತ್ತದೆ, ಅಷ್ಟೆ. ಅದರ ಬದಲು ಸ್ಪೀಕರಿನ 'ಸೆನ್ಸಿಟಿವಿಟಿ' ನೋಡಿ. ಒಂದು ವಾಟ್ ಕೊಟ್ಟರೆ ಅದು ಎಷ್ಟು ಸದ್ದು ಮಾಡುತ್ತದೆ ಎಂಬ ಅಳತೆ ಅದು. 92 ಡೆಸಿಬೆಲ್ ಸ್ಪೀಕರ್ 10 ವಾಟಿನಲ್ಲಿ ಮಾಡುವ ಸದ್ದಿಗೆ 89 ಡೆಸಿಬೆಲ್ ಸ್ಪೀಕರಿಗೆ 20 ವಾಟ್ ಬೇಕು. ಆ ಕರೆಂಟು ಬರುವುದು ನಿಮ್ಮ ಬ್ಯಾಟರಿಯಿಂದಲೇ.

ಬ್ಯಾಟರಿ ತಡೆಯುತ್ತದೆಯೇ?

100 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 3ರಿಂದ 5 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಮೂರರದ್ದಾದರೆ ಒಂದು ಆಂಪಿಯರ್ ಎಳೆತಕ್ಕೆ ಹೆಚ್ಚುಕಡಿಮೆ ಮೂರು ಗಂಟೆ ಬಂತು. ಎಂಜಿನ್ ಆಫ್ ಮಾಡಿ ಮರದ ನೆರಳಲ್ಲಿ ಒಂದೂವರೆ ಗಂಟೆ ಹಾಡು ಕೇಳಿದರೆ ಅರ್ಧ ಚಾರ್ಜ್ ಹೋದಂತೆ. ಆಮೇಲೆ ಸೆಲ್ಫ್ ಒತ್ತಿದರೆ 'ಟಕ್' ಅನ್ನುತ್ತದೆ, ಗಾಡಿ ಎದ್ದೇಳುವುದಿಲ್ಲ. 2017ರ ಏಪ್ರಿಲ್‌ನಿಂದೀಚಿನ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ. ಹಾಗಾಗಿ ಮಿಕ್ಕುವ ಕರೆಂಟು ಇನ್ನೂ ಕಡಿಮೆ.

ಪರೀಕ್ಷೆ ಸುಲಭ. ಎಂಜಿನ್ ಓಡಿಸಿ, ಹಾಡು ಹಾಕಿ, ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 13.5 ವೋಲ್ಟಿಗಿಂತ ಮೇಲಿದ್ದರೆ ಚಿಂತೆಯಿಲ್ಲ. 13ರ ಕೆಳಗಿಳಿದರೆ ಸದ್ದು ತಗ್ಗಿಸಿ.

ಪಂಪ್‌ಸೆಟ್ ಪೈಪಿನ ಪೆಟ್ಟಿಗೆ

ಸ್ಪೀಕರ್ ಮುಂದಕ್ಕೂ ಹಿಂದಕ್ಕೂ ಗಾಳಿ ತಳ್ಳುತ್ತದೆ. ಹಿಂಭಾಗ ತೆರೆದಿದ್ದರೆ ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ. ಗಟ್ಟಿ ದನಿ ಬಾರದಿರಲು ಇದೇ ಕಾರಣ. ತೋಟದಲ್ಲಿ ಬಿದ್ದಿರುವ ನಾಲ್ಕಿಂಚಿನ ಪಿವಿಸಿ ಪೈಪಿನಿಂದ ಆರಿಂಚಿನ ಎರಡು ತುಂಡು ಕತ್ತರಿಸಿ. ಒಂದು ತುದಿಗೆ ಕ್ಯಾಪ್ ಅಂಟಿಸಿ. ಒಳಗೆ ಸ್ವಲ್ಪ ಹತ್ತಿ ತುಂಬಿ. ಇನ್ನೊಂದು ತುದಿಗೆ ಸ್ಪೀಕರ್ ಕೂರಿಸಿ, ಸಂದಿಗೆಲ್ಲ ಎಂ-ಸೀಲ್ ಮೆತ್ತಿ. ಲೆಗ್‌ಗಾರ್ಡಿಗೆ ಕ್ಲ್ಯಾಂಪ್ ಹಾಕಿ, ಬಾಯಿ ನಿಮ್ಮ ಮುಖದತ್ತ ತಿರುಗಿಸಿ. ಸ್ಪೀಕರ್ ಕಿವಿಗೆ ಹತ್ತಿರವಾದಷ್ಟೂ ವಾಟ್ ಉಳಿಯುತ್ತದೆ.

ಬೇಸ್, ಅಂದರೆ ಗುಮ್ಮೆನ್ನುವ ತಗ್ಗು ಸದ್ದು, ಬಯಲಿನಲ್ಲಿ ಮೂರಿಂಚಿಗೆ ದಕ್ಕುವುದಿಲ್ಲ. ಆದರೆ ಹಾಡುಗಾರನ ದನಿ, ಕಂಸಾಳೆಯ ಝಣ್ಣೆನ್ನುವ ಸದ್ದು ಚೆನ್ನಾಗಿಯೇ ಬರುತ್ತದೆ.

ವೈರಿಂಗ್

ಬ್ಯಾಟರಿಯ ಪ್ಲಸ್ಸಿನಿಂದ ತಂತಿ ತೆಗೆದು ಮೊದಲು 5 ಆಂಪಿಯರ್ ಫ್ಯೂಸ್ ಹಾಕಿ. ಆಮೇಲೆ ರಿಲೇ. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬಿಡುವ ಸ್ವಿಚ್ಚು ಅದು. ಅದು ಇದ್ದರೆ ರಾತ್ರಿಯಿಡೀ ಬ್ಯಾಟರಿ ಸೋರುವುದಿಲ್ಲ. ಮೈನಸ್ ತಂತಿಯನ್ನು ಚಾಸಿಗೆ ಕಟ್ಟದೆ ನೇರ ಬ್ಯಾಟರಿಗೇ ತನ್ನಿ. ಎಂಜಿನ್ ಏರಿಳಿದಂತೆ ಬರುವ 'ಕುಂಯ್' ಸದ್ದು ಕಡಿಮೆಯಾಗುತ್ತದೆ. ಬಿಎಸ್-6 ಗಾಡಿಯಲ್ಲಿ ಎಂಜಿನ್ನನ್ನು ಆಳುವುದು ಕಂಪ್ಯೂಟರ್. ಕಂಪನಿಯ ವೈರನ್ನು ಕತ್ತರಿಸಿದರೆ ವಾರಂಟಿಗೂ ಕುತ್ತು. ಕೈ ಪಳಗದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಎಷ್ಟಾಗುತ್ತದೆ, ಎಲ್ಲಿ ಸಿಗುತ್ತದೆ?

ಸುಮಾರು ಲೆಕ್ಕ ಹೀಗಿದೆ. ಬ್ಲೂಟೂತ್ ಕಿಟ್ 200–300 ರೂಪಾಯಿ. ಬೋರ್ಡು 150–300. ಸ್ಪೀಕರ್ ಜೊತೆ 600–900. ಫ್ಯೂಸ್, ರಿಲೇ, ವೈರ್ 250. ಪೈಪು, ಕ್ಯಾಪ್, ಎಂ-ಸೀಲ್ 200. ಕೂಲಿ ಬೇರೆ. ಫ್ಯೂಸು, ರಿಲೇ, ಕ್ಲ್ಯಾಂಪ್ ಚಾಮರಾಜನಗರ, ಗುಂಡ್ಲುಪೇಟೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಕೇಳಿ. ಬೋರ್ಡು ಸಿಗದಿದ್ದರೆ ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ, ಇಲ್ಲವೇ ಬೆಂಗಳೂರಿನ ಎಸ್‌.ಪಿ. ರಸ್ತೆ. ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಹ್ಯಾಂಡಲಿಗೆ ಕಟ್ಟುವ, ತನ್ನದೇ ಬ್ಯಾಟರಿಯ ಬ್ಲೂಟೂತ್ ಸ್ಪೀಕರ್ ಕೊಳ್ಳಬಹುದು. ಸುಮಾರು ಸಾವಿರ ರೂಪಾಯಿಗೆ ಸಿಗುತ್ತದೆ, ಗಾಡಿಯ ವೈರ್ ಮುಟ್ಟಬೇಕಾಗಿಲ್ಲ.

ಸದ್ದಿಗೂ ಮಿತಿ ಇದೆ

ಶಬ್ದದ ಮಿತಿ ಮೀರಿದ ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಇಯರ್‌ಫೋನ್ ಸಿಕ್ಕಿಸಿ ಓಡಿಸುವುದಂತೂ ಬೇಡ, ಹಿಂದಿನ ಲಾರಿಯ ಹಾರನ್ ಕೇಳಿಸದು.

ಗುಂಡ್ಲುಪೇಟೆಯಿಂದ ಊಟಿಗೆ ಹೋದರೂ ಸುಲ್ತಾನ್ ಬತ್ತೇರಿಗೆ ಹೋದರೂ ದಾರಿ ಬಂಡೀಪುರ ಕಾಡಿನ ನಡುವೆಯೇ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದು ಪ್ರಾಣಿಗಳಿಗಾಗಿ. ಹಗಲಲ್ಲೂ ಕಾಡು ಅವುಗಳದ್ದೇ. ಚೆಕ್‌ಪೋಸ್ಟ್ ಬಂದಾಗ ಹಾಡು ನಿಲ್ಲಿಸಿ, ಕಾಡು ದಾಟಿದ ಮೇಲೆ ಮತ್ತೆ ಹಾಕಿಕೊಳ್ಳಿ.