ದೆವ್ವವೂ ಒಬ್ಬ ತಾಯಿಯೇ!
ತಮಿಳಿನ ‘ಮಾಯಾ’, ಕನ್ನಡದ ‘ಆಕೆ’

ಮೇಚೇರಿ ಕುರಿ ಸಾಕುವವರಿಗೆ ಮರಿ ಕಾಣದ ತಾಯಿಕುರಿಯ ಕೂಗು ಹೊಸದಲ್ಲ. ಮಂದೆಯೆಲ್ಲ ಮೇಯುತ್ತಿದ್ದರೂ ಅದೊಂದು ಮಾತ್ರ ಮೇವು ಮುಟ್ಟದೆ ಅರಚುತ್ತಾ ಅಲೆಯುತ್ತದೆ. 2015ರಲ್ಲಿ ತೆರೆಕಂಡ ತಮಿಳಿನ ‘ಮಾಯಾ’ ಚಿತ್ರದ ದೆವ್ವದ ಸಂಕಟವೂ ಅದೇ. ಮಗುವಿನಿಂದ ಅಗಲಿದ ತಾಯಿ ಅದು. ಅಶ್ವಿನ್ ಸರವಣನ್ ನಿರ್ದೇಶಿಸಿದ ಈ ಚಿತ್ರ ಎರಡೇ ವರ್ಷದಲ್ಲಿ, 2017ರಲ್ಲಿ, ಕೆ.ಎಂ. ಚೈತನ್ಯರ ‘ಆಕೆ’ಯಾಗಿ ಕನ್ನಡಕ್ಕೂ ಬಂತು.

‘ಮಾಯಾ’ದಲ್ಲಿ ನಯನತಾರಾ ಗಂಡನಿಂದ ದೂರವಾದ ಹೆಂಗಸು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಸಾಲ. ದೆವ್ವದ ಸಿನಿಮಾವೊಂದನ್ನು ಥಿಯೇಟರಿನಲ್ಲಿ ಒಬ್ಬರೇ ಕೂತು ಪೂರ್ತಿ ನೋಡಿದರೆ ಐದು ಲಕ್ಷ ರೂಪಾಯಿ ಬಹುಮಾನ ಎನ್ನುತ್ತಾರೆ. ಆಕೆ ಒಳಗೆ ಹೋಗುವುದು ಧೈರ್ಯ ತೋರಿಸಲಿಕ್ಕಲ್ಲ, ದುಡ್ಡಿಲ್ಲದ್ದಕ್ಕೆ. ಸಾಲಗಾರ ಬಾಗಿಲಿಗೆ ಬಂದಾಗಿನ ಎದೆಬಡಿತ ಬಲ್ಲವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಗುಟ್ಟನ್ನು ನೋಡುವವರಿಗೇ ಬಿಡೋಣ.

ಮಕ್ಕಳಿಗೆ ಭಯದ ಮೊದಲ ಪಾಠ ಹೇಳುವವಳೂ ತಾಯಿಯೇ ಅಲ್ಲವೆ? “ಸುಮ್ನೆ ಮಲ್ಕೋ, ಗುಮ್ಮ ಬರ್ತಾನೆ” ಎಂದು ಕನ್ನಡದ ಮನೆಯಲ್ಲಿ ಹೆದರಿಸಿದರೆ, ತಮಿಳಿನ ಮನೆಯಲ್ಲಿ ‘ಪೂಚ್ಚಾಂಡಿ’ ಬರುತ್ತಾನೆ. ಎರಡೂ ಮಾತು ಬಲ್ಲ ಮನೆಯ ಕೂಸಿಗೆ ಇಬ್ಬರ ಕಾಟವೂ ತಪ್ಪದು! ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನೇ ತಾಯಿಯನ್ನು ಬೇಡಿಕೊಳ್ಳುವ ಪದವನ್ನು ಪುರಂದರದಾಸರು ಹಾಡಿದ್ದಾರೆ. ಆದರೆ ಹೆದರಿದ ಕೂಸು ಓಡಿಬಂದು ಅವಿತುಕೊಳ್ಳುವುದೂ ಅದೇ ತಾಯಿಯ ಸೆರಗಿನಲ್ಲಿ.

1990ರ ದಶಕದಲ್ಲಿ ಕರ್ನಾಟಕದ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಸಾವು ಎಂಬ ಸುದ್ದಿ ಹಬ್ಬಿತ್ತು. ಅಮ್ಮನ ದನಿ ಕೇಳಿದರೂ ಬಾಗಿಲು ತೆಗೆಯಬಾರದು ಎಂದರೆ ಮಗು ಇನ್ನಾರನ್ನು ನಂಬಬೇಕು?

ಈ ಚಿತ್ರವೂ ಮುಟ್ಟುವುದು ಅದೇ ಎಳೆಯನ್ನು. ತಾಯಿಯ ಉಗ್ರರೂಪ ಮೇಚೇರಿಗೆ ಅಪರಿಚಿತವಲ್ಲ. ಇಲ್ಲಿ ಭದ್ರಕಾಳಿಯನ್ನು ಜನ ‘ಅಮ್ಮನ್’ ಎಂದೇ ಕರೆದು ಕೈಮುಗಿಯುತ್ತಾರೆ. ಕಾಯುವವಳೂ ಅವಳೇ, ಕೆರಳುವವಳೂ ಅವಳೇ.

ಹಾಗೆಂದು ಎಳೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ. ದೊಡ್ಡವರು ನೋಡಲಿ. ನೋಡಿದ ಮೇಲೆ, ಕೂಸನ್ನೆತ್ತಿಕೊಂಡು ಒಂಟಿಯಾಗಿ ಬಾಳುತ್ತಿರುವ ಹೆಂಗಸು ಪಕ್ಕದ ಮನೆಯಲ್ಲಿದ್ದರೆ “ಏನಮ್ಮಾ, ಹೇಗಿದ್ದೀಯಾ?” ಎಂದು ಒಂದು ಮಾತು ಕೇಳಲಿ. ಅವಳು ಹೆದರುವುದು ದೆವ್ವಕ್ಕಲ್ಲ.