ಕ್ರೈಸ್ತ ನಾಮವೂ ರಾಜಕೀಯ ಅಧೀನತೆಯೂ: ಪೂರ್ವ ಜರ್ಮನಿಯ ಒಂದು ಪಕ್ಷದ ಚರಿತ್ರೆ

ರಾಜಕೀಯ ಪಕ್ಷವೊಂದು ತನ್ನನ್ನು ಕ್ರೈಸ್ತವೆಂದು ಕರೆದುಕೊಳ್ಳುವಾಗ ಆ ಹೆಸರು ಅದರ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ? ಇಬ್ಭಾಗವಾಗಿದ್ದ ಜರ್ಮನಿಯ ಪೂರ್ವ ಭಾಗದಲ್ಲಿದ್ದ ಕ್ರೈಸ್ತ ಪ್ರಜಾಸತ್ತಾತ್ಮಕ ಒಕ್ಕೂಟದ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1945ರ ಜೂನ್ 26ರಂದು ಬರ್ಲಿನ್‌ನಲ್ಲಿ ಈ ಪಕ್ಷದ ಸ್ಥಾಪನಾ ಕರೆ ಪ್ರಕಟವಾಯಿತು. ಹಿಟ್ಲರನ ಆಳ್ವಿಕೆಯನ್ನು ತಡೆಯಲಾಗದೆ ಹೋದುದಕ್ಕೆ ತಮ್ಮೊಳಗಿನ ಒಡಕೂ ಕಾರಣವೆಂದು ಕಂಡುಕೊಂಡಿದ್ದ ಕಥೋಲಿಕರೂ ಪ್ರೊಟೆಸ್ಟಂಟರೂ ಇಲ್ಲಿ ಒಂದಾದರು. ಮೊದಲ ಅಧ್ಯಕ್ಷರಾದ ಆಂಡ್ರೆಯಾಸ್ ಹೆರ್ಮೆಸ್ ಅವರು ಹಿಟ್ಲರನ ನ್ಯಾಯಾಲಯದಿಂದ ಮರಣದಂಡನೆಗೆ ಗುರಿಯಾಗಿ, ಯುದ್ಧ ಮುಗಿದುದರಿಂದ ಬದುಕುಳಿದವರು. ಪರಿಹಾರವಿಲ್ಲದೆ ಭೂಮಿಯನ್ನು ಕಸಿದುಕೊಳ್ಳುವುದನ್ನು ಅವರು ವಿರೋಧಿಸಿದಾಗ, ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಆಡಳಿತವು ಅವರನ್ನು ಪದಚ್ಯುತಗೊಳಿಸಿತು. ಅನಂತರ ಬಂದ ಯಾಕೊಬ್ ಕೈಸರ್ ಅವರಿಗೂ 1947ರಲ್ಲಿ ಅದೇ ಗತಿಯಾಯಿತು. 1952ರ ಸಮ್ಮೇಳನದಲ್ಲಿ ಪಕ್ಷವು ಕಮ್ಯುನಿಸ್ಟರ ನಾಯಕತ್ವವನ್ನು ವಿಧ್ಯುಕ್ತವಾಗಿ ಅಂಗೀಕರಿಸಿತು. ಪಕ್ಷದ ನಾಯಕರಲ್ಲೊಬ್ಬರೂ ವಿದೇಶಾಂಗ ಸಚಿವರೂ ಆಗಿದ್ದ ಗಿಯೋರ್ಗ್ ಡೆರ್ಟಿಂಗರ್ 1953ರಲ್ಲಿ ಬಂಧಿತರಾಗಿ ಹನ್ನೊಂದು ವರ್ಷ ಸೆರೆಯಲ್ಲಿದ್ದರು.

ಹೀಗೆ ಹೆಸರು ಉಳಿಯಿತು, ಸ್ವಾತಂತ್ರ್ಯ ಅಳಿಯಿತು. ಪಶ್ಚಿಮದಲ್ಲಿ ಅದೇ ಹೆಸರಿನ ಪಕ್ಷವು ಆಡೆನಾವರ್ ಅವರ ನೇತೃತ್ವದಲ್ಲಿ ಜನರ ಮತದಿಂದ ಅಧಿಕಾರಕ್ಕೆ ಬಂದಿತು. ಪೂರ್ವದಲ್ಲಾದರೋ ಚುನಾವಣೆಗೆ ಒಂದೇ ಪಟ್ಟಿ. ಸ್ಥಾನಗಳು ಮೊದಲೇ ಹಂಚಿಹೋಗಿದ್ದವು. ಆದರೂ ಅದರ ಸದಸ್ಯರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಾಸ್ತಿಕವಾದವನ್ನು ಸಾರುವ ಆಳುವ ಪಕ್ಷಕ್ಕೆ ಸೇರಲೊಲ್ಲದ ಎಷ್ಟೋ ವಿಶ್ವಾಸಿಗಳಿಗೆ ಇದೊಂದು ಆಶ್ರಯವಾಗಿತ್ತು.

1972ರ ಮಾರ್ಚ್ 9ರಂದು ಗರ್ಭಪಾತದ ಕಾನೂನು ಸಂಸತ್ತಿನ ಮುಂದೆ ಬಂದಾಗ ಈ ಪಕ್ಷದ 14 ಸದಸ್ಯರು ವಿರುದ್ಧವಾಗಿ ಮತ ಹಾಕಿದರು. 8 ಮಂದಿ ತಟಸ್ಥರಾದರು. ಕಾನೂನು ಅಂಗೀಕೃತವಾಯಿತು. ಆದರೆ ಸರ್ವಾನುಮತವೇ ವಾಡಿಕೆಯಾಗಿದ್ದ ಆ ಸಭಾಂಗಣದಲ್ಲಿ ಅದು ಅಪರೂಪದ ಭಿನ್ನಸ್ವರ. 1989ರ ಸೆಪ್ಟೆಂಬರಿನಲ್ಲಿ, ಬರ್ಲಿನ್ ಗೋಡೆ ಇನ್ನೂ ನಿಂತಿರುವಾಗಲೇ, ಸಭೆಯ ಹೊಣೆಗಳನ್ನು ಹೊತ್ತಿದ್ದ ನಾಲ್ವರು ಸದಸ್ಯರು ವೈಮಾರ್ ನಗರದಿಂದ ಪಕ್ಷಕ್ಕೆ ಪತ್ರ ಬರೆದು ಸುಧಾರಣೆಯನ್ನು ಬೇಡಿದರು. ನವೆಂಬರಿನಲ್ಲಿ ಲೋಥರ್ ಡಿ ಮೆಝಿಯೆರ್ ಅಧ್ಯಕ್ಷರಾದರು. 1990ರ ಮಾರ್ಚ್ 18ರ ಮುಕ್ತ ಚುನಾವಣೆಯಲ್ಲಿ ಪಕ್ಷವು ಶೇಕಡಾ 40ಕ್ಕೂ ಹೆಚ್ಚು ಮತಗಳನ್ನು ಪಡೆಯಿತು. ಅಕ್ಟೋಬರಿನಲ್ಲಿ, ದೇಶ ಒಂದಾಗುವ ಮುನ್ನಾದಿನಗಳಲ್ಲಿ, ಅದು ಪಶ್ಚಿಮದ ಪಕ್ಷದಲ್ಲಿ ವಿಲೀನವಾಯಿತು.

ಆದರೆ ಗೆಲುವಿನಿಂದ ಹಿಂದಿನ ಮೌನವು ಅಳಿಸಿಹೋಗಲಿಲ್ಲ. ಕ್ರಿಸ್ತನ ಒಡೆತನಕ್ಕೆ ಹೊರತಾದ ಜೀವನಕ್ಷೇತ್ರ ಒಂದೂ ಇಲ್ಲವೆಂದು 1934ರಲ್ಲೇ ಬಾರ್ಮೆನ್ ಘೋಷಣೆಯು ಜರ್ಮನಿಯ ಸಭೆಗೆ ನೆನಪಿಸಿತ್ತು. ಆ ಮಾತನ್ನು ರಾಜಕೀಯಕ್ಕೆ ಅನ್ವಯಿಸುವಾಗ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ರಾಜಕೀಯವನ್ನು ತೊರೆದುಬಿಡುವ ಹಕ್ಕು ವಿಶ್ವಾಸಿಗಿಲ್ಲ. ಅಂತೆಯೇ ಪಕ್ಷದ ಫಲಕದ ಮೇಲಿನ ಕ್ರೈಸ್ತ ಎಂಬ ಪದವು ತಾನಾಗಿಯೇ ಸಾಕ್ಷಿಯಾಗುವುದಿಲ್ಲ. ಅಲ್ಲ ಎನ್ನಬೇಕಾದಲ್ಲಿ ಅಲ್ಲ ಎನ್ನುವ ಸ್ವಾತಂತ್ರ್ಯವನ್ನು ಒತ್ತೆಯಿಟ್ಟು ಉಳಿಸಿಕೊಂಡ ನಾಮವು, ದೇವರ ನಾಮವನ್ನು ವ್ಯರ್ಥವಾಗಿ ಬಳಸಬಾರದೆಂಬ ಆಜ್ಞೆಯ ಮುಂದೆ ಉತ್ತರ ಕೊಡಬೇಕಾಗುತ್ತದೆ. ಅಧಿಕಾರದ ಸಮೀಪದಲ್ಲಿ ನಿಂತು ಸೇವೆ ಸಲ್ಲಿಸುವ ಸಭಾಪಾಲಕರಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ.